ಗೋಡೆಯ ನೆರಳಿನಲ್ಲಿ ನಡೆಯುವವರು

ಕಳೆದ ಜೂನ್ ತಿಂಗಳಲ್ಲಿ, ಮೊದಲ ದೊಡ್ಡ ಮಳೆ ಸುರಿದ ಮರುದಿನ ಸಂಜೆ, ಬಳ್ಳಾರಿಯ ಪೇಟೆ ಬೀದಿಯೊಂದರಲ್ಲಿ ನಾಲ್ಕು ಅಂತಸ್ತಿನ ಅಂಗಡಿ ಕಟ್ಟಡದ ಮೇಲಿನ ಸಜ್ಜಾದಿಂದ ಕಾಂಕ್ರೀಟಿನ ಗಟ್ಟಿಯೊಂದು ಕಳಚಿ ಬಿತ್ತು. ಅದು ಬಿದ್ದದ್ದು ಒಗ್ಗರಣೆ, ಮಿರ್ಚಿ ಮಾರುವ ತಳ್ಳುಬಂಡಿಯ ಪಕ್ಕದಲ್ಲಿ, ಕಾದ ಎಣ್ಣೆಯ ಬಾಣಲೆಗೆ ಒಂದು ಮೊಳ ದೂರದಲ್ಲಿ. ಮಂಡಕ್ಕಿ ತುಂಬಿದ್ದ ತಗಡಿನ ಡಬ್ಬಿ ನಜ್ಜುಗುಜ್ಜಾಯಿತು. ಗಿರಾಕಿಗಳು ಇನ್ನೂ ಸೇರಿರಲಿಲ್ಲ. ಹಳೆಯ ಕಟ್ಟಡಗಳ ದುರಸ್ತಿ ಮಾಡಿಸುವುದೇ ನನ್ನ ವೃತ್ತಿಯಾದ್ದರಿಂದ, ದಿನವೂ ನನ್ನ ಮುಖ ನೋಡುವ ಆ ಬಂಡಿಯವರು ನನಗೇ ಫೋನ್ ಮಾಡಿದರು.

ಆ ಗಟ್ಟಿ ಈಗಲೂ ನನ್ನ ಮೇಜಿನ ಮೇಲಿದೆ. ತೂಕ ಎರಡು ಕೆಜಿಯ ಆಸುಪಾಸು. ಒಂದು ಮುಖದಲ್ಲಿ ಹೋದ ದೀಪಾವಳಿಗೆ ಹೊಡೆಸಿದ ಕೆನೆ ಬಣ್ಣ ಇನ್ನೂ ಹೊಸದಾಗಿ ಹೊಳೆಯುತ್ತದೆ. ಮಗುಚಿದರೆ ಸರಳು ಕುಳಿತಿದ್ದ ಜಾಗದಲ್ಲಿ ಅರ್ಧಚಂದ್ರಾಕಾರದ ಕಾಲುವೆಯೊಂದು ಕಾಣುತ್ತದೆ. ಆ ಕಾಲುವೆಯ ತುಂಬ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಏಳುವ ತುಕ್ಕು. ಕಾಲುವೆಯಿಂದ ಬಣ್ಣದ ಮುಖದವರೆಗೆ ಅಳತೆಪಟ್ಟಿ ಹಿಡಿದು ನೋಡಿದೆ, ಗಿಲಾವನ್ನು ಬಿಟ್ಟರೆ ಕಾಂಕ್ರೀಟಿನ ಹೊದಿಕೆ ಎಂಟು ಮಿಲಿಮೀಟರ್ ಮಾತ್ರ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 456 ಸಂಹಿತೆಯಂತೆ ಅತ್ಯಂತ ಸೌಮ್ಯ ವಾತಾವರಣದಲ್ಲಿಯೂ ಸಾಮಾನ್ಯವಾಗಿ 20 ಮಿಲಿಮೀಟರ್ ಹೊದಿಕೆ ಇರಬೇಕು, ಮಳೆಗೆ ಒಡ್ಡಿಕೊಂಡ ಭಾಗಕ್ಕೆ ಅದಕ್ಕಿಂತ ಹೆಚ್ಚು.

ಹೊದಿಕೆಯ ಮಾತು ಏಕೆ ಬರುತ್ತದೆಂದರೆ, ಹೊಸ ಕಾಂಕ್ರೀಟಿನ ಕ್ಷಾರಗುಣವೇ ಒಳಗಿನ ಸರಳನ್ನು ತುಕ್ಕಿನಿಂದ ಕಾಯುತ್ತಿರುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಒಳಗಿಳಿದು ಆ ಕ್ಷಾರಗುಣವನ್ನು ತಗ್ಗಿಸುತ್ತದೆ. ಅದು ಸರಳನ್ನು ತಲುಪಿದ ದಿನದಿಂದ ಕಾವಲು ಇಲ್ಲವಾಗುತ್ತದೆ, ನೀರು ತಾಗಿದಾಗಲೆಲ್ಲ ತುಕ್ಕು ಬೆಳೆಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಉಪ್ಪು ಬೆರೆತ ಬೋರ್‌ವೆಲ್ ನೀರಿನಲ್ಲಿ ಕಲಸಿದ ಕಾಂಕ್ರೀಟಾದರೆ ಕೆಲಸ ಇನ್ನೂ ಬೇಗ ಕೆಡುತ್ತದೆ. ಸರಳು ಹಾಕುವ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಎಂದು ಅದೇ ಸಂಹಿತೆ ಹೇಳಿದೆ, ಆದರೆ ನಮ್ಮ ಕಡೆ ನೀರನ್ನು ಪರೀಕ್ಷೆಗೆ ಕಳಿಸಿ ಮನೆ ಕಟ್ಟಿದವರನ್ನು ನಾನು ಬೆರಳೆಣಿಕೆಯಷ್ಟು ಕಂಡಿದ್ದೇನೆ. ಇದರ ಜೊತೆಗೆ ನಮ್ಮ ಬಿಸಿಲು. 40 ಡಿಗ್ರಿ ದಾಟುವ ಹಗಲಿನಲ್ಲಿ ಪಡುವಣ ಗೋಡೆಗಳು ಕಾದು ಹಿಗ್ಗುತ್ತವೆ, ರಾತ್ರಿ ಕುಗ್ಗುತ್ತವೆ. ಹತ್ತು ಮೀಟರ್ ಉದ್ದದ ಕಾಂಕ್ರೀಟ್ 30 ಡಿಗ್ರಿ ವ್ಯತ್ಯಾಸಕ್ಕೆ ಮೂರು ಮಿಲಿಮೀಟರಿನಷ್ಟು ಸರಿದಾಡುತ್ತದೆ. ಗಿಲಾವು, ಅದರ ಮೇಲೆ ಅಂಟಿಸಿದ ಗ್ರಾನೈಟ್, ಒಳಗಿನ ಇಟ್ಟಿಗೆ, ಇವು ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವಾದ್ದರಿಂದ ಅವುಗಳ ನಡುವಿನ ಬೆಸುಗೆ ದಿನದಿನವೂ ಸಡಿಲಗೊಳ್ಳುತ್ತ ಬರುತ್ತದೆ, ಹೊರಗಿನಿಂದ ನೋಡಿದರೆ ಗೋಡೆ ಮಾತ್ರ ನೆಟ್ಟಗೆ ನಿಂತಿರುತ್ತದೆ. ಎರಡು ಅಡಿ ಉದ್ದಗಲದ, 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಹಲಗೆ ಸುಮಾರು 20 ಕೆಜಿ ತೂಗುತ್ತದೆ; ಉಕ್ಕಿನ ಕೊಂಡಿಯಿಲ್ಲದೆ ಬರೀ ಸಿಮೆಂಟು ಹಾಲಿನ ಮೇಲೆ ನಂಬಿಕೆಯಿಟ್ಟು ಮೂರನೆಯ ಮಹಡಿಯವರೆಗೂ ಅದನ್ನು ಅಂಟಿಸಿರುವುದನ್ನು ಕಂಡಾಗ ನನಗೆ ನಿಜಕ್ಕೂ ಭಯವಾಗುತ್ತದೆ.

ಹನ್ನೊಂದು ಮೀಟರ್ ಎತ್ತರದಿಂದ ಬೀಳುವ ವಸ್ತುವಿಗೆ ನೆಲ ಮುಟ್ಟಲು ಒಂದೂವರೆ ಸೆಕೆಂಡ್ ಸಾಕು, ಆ ಹೊತ್ತಿಗೆ ಅದರ ವೇಗ ಗಂಟೆಗೆ 50 ಕಿಲೋಮೀಟರ್ ದಾಟಿರುತ್ತದೆ. ಆ ಜಾಗದಲ್ಲಿ ಯಾರಿರುತ್ತಾರೆ? ಬಳ್ಳಾರಿ, ರಾಯಚೂರಿನಂಥ ಊರುಗಳಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಯಾರೂ ಬೀದಿಯ ನಡುವೆ ನಡೆಯುವುದಿಲ್ಲ. ಗೋಡೆಯ ಬುಡದಲ್ಲಿ ಬೀಳುವ ಎರಡಡಿ ನೆರಳಿನ ಪಟ್ಟಿಯೇ ನಮ್ಮ ಕಾಲುದಾರಿ. ಸಜ್ಜಾದ ಕೆಳಗೆ ಹೂವಿನವರು ಕೂರುತ್ತಾರೆ, ಚಪ್ಪಲಿ ಹೊಲಿಯುವವರು ಕೂರುತ್ತಾರೆ, ಜೀನ್ಸ್ ಹೊಲಿಗೆ ಘಟಕಗಳಿಂದ ಬಿಟ್ಟು ಬರುವ ಹೆಣ್ಣುಮಕ್ಕಳು ಆಟೋಗಾಗಿ ಕಾಯುತ್ತ ನಿಲ್ಲುತ್ತಾರೆ. ಬಿಸಿಲು ಜನರನ್ನು ತಂದು ನಿಲ್ಲಿಸುವ ಜಾಗವೂ ಗೋಡೆಯಿಂದ ಕಳಚಿದ್ದು ಬೀಳುವ ಜಾಗವೂ ಒಂದೇ ಆಗಿರುವಾಗ, ಕಟ್ಟಡದ ಮುಂಭಾಗದ, ಅಂದರೆ ಹೊರಗೋಡೆಯ, ತಪಾಸಣೆ ಬೇಕಿರುವುದು ಮಹಾನಗರಗಳ ಗಾಜಿನ ಗೋಪುರಗಳಿಗೆ ಮಾತ್ರ ಎಂಬ ಮಾತನ್ನು ನಾನು ಒಪ್ಪಲಾರೆ.

ಕರ್ನಾಟಕ ಪೌರ ನಿಗಮಗಳ ಕಾಯಿದೆ, 1976ರಡಿ ಅಪಾಯದ ಸ್ಥಿತಿಯಲ್ಲಿರುವ ಕಟ್ಟಡದ ಮಾಲೀಕರಿಗೆ ನೋಟಿಸ್ ಕೊಡುವ ಅಧಿಕಾರ ಪಾಲಿಕೆಗಿದೆ. ಆದರೆ ಅಂಥ ನೋಟಿಸ್ ಹೊರಡಬೇಕಾದರೆ ಅಪಾಯ ಮೊದಲು ಯಾರದಾದರೂ ಕಣ್ಣಿಗೆ ಬೀಳಬೇಕು. ಗೋಡೆಯ ಕಾಯಿಲೆ ಕಣ್ಣಿಗೆ ಬೀಳುವಂಥದ್ದಲ್ಲ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿ ಜಾಗ ಠಣ್ ಎನ್ನುತ್ತದೆ, ಬಿಟ್ಟುಕೊಂಡ ಜಾಗ ಪೊಳ್ಳು ಸದ್ದು ಕೊಡುತ್ತದೆ, ಮೇಲಿನ ಬಣ್ಣ ಎರಡೂ ಕಡೆ ಒಂದೇ ಆಗಿರುತ್ತದೆ. ಅದಿರು ಸಾಗಿಸುವ ಲಾರಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸಬೇಕೆಂಬುದು ನಮ್ಮೂರಿನ ಕ್ಲೀನರ್ ಹುಡುಗನಿಗೂ ಗೊತ್ತು. ಲಾರಿ ಕೆಟ್ಟಿದೆಯೆಂದು ಯಾರಾದರೂ ದೂರು ಕೊಡಲಿ ಎಂದು ಆರ್‌ಟಿಒ ಕಾಯುವುದಿಲ್ಲ, ತಾರೀಖು ಬಂದರೆ ತಪಾಸಣೆ ಆಗಲೇಬೇಕು. ಗೋಡೆಗೂ ನಾನು ಕೇಳುತ್ತಿರುವುದು ಅದನ್ನೇ.

ಈ ತಾರೀಖಿನ ಪದ್ಧತಿ ನ್ಯೂಯಾರ್ಕ್ ನಗರದಲ್ಲಿ ಒಂದು ಸಾವಿನ ನಂತರ ಬಂತು. 1979ರ ಮೇ ತಿಂಗಳಲ್ಲಿ ಗ್ರೇಸ್ ಗೋಲ್ಡ್ ಎಂಬ ಹದಿನೇಳು ವರ್ಷದ ಕಾಲೇಜು ವಿದ್ಯಾರ್ಥಿನಿ, ಕಟ್ಟಡವೊಂದರಿಂದ ಕಳಚಿದ ತುಂಡು ತಲೆಗೆ ಬಿದ್ದು ತೀರಿಕೊಂಡಳು. ಮರುವರ್ಷವೇ, 1980ರಲ್ಲಿ, ಆರು ಅಂತಸ್ತಿಗಿಂತ ಎತ್ತರದ ಕಟ್ಟಡಗಳ ಹೊರಗೋಡೆಯನ್ನು ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕೆಂಬ ಕಾನೂನು ಬಂತು. ಮೊದಲು ಅದು ಬೀದಿಯ ಕಡೆಯ ಗೋಡೆಗಳನ್ನಷ್ಟೇ ಗಣಿಸಿತ್ತು. 1997ರಲ್ಲಿ ಮ್ಯಾಡಿಸನ್ ಅವೆನ್ಯೂನಲ್ಲಿ ಇಟ್ಟಿಗೆ ಗೋಡೆ ಉದುರಿದ ಮೇಲೆ, 1998ರ ಕಾನೂನು ಉಳಿದ ಗೋಡೆಗಳನ್ನೂ ಸೇರಿಸಿತು. ಈಗಿನ ನಿಯಮದಲ್ಲಂತೂ ಬೀದಿಯುದ್ದಕ್ಕೂ ಪ್ರತಿ 60 ಅಡಿ ಅಗಲಕ್ಕೆ ಒಂದು ಸಾಲಿನಂತೆ ತಜ್ಞರು ಗೋಡೆಯನ್ನು ಕೈಯಾರೆ ಮುಟ್ಟಿ ನೋಡಬೇಕು. ಸಿಂಗಪುರದಲ್ಲಿ 2022ರ ಜನವರಿಯಿಂದ, 20 ವರ್ಷ ದಾಟಿದ, 13 ಮೀಟರಿಗಿಂತ ಎತ್ತರದ ಕಟ್ಟಡಗಳಿಗೆ ಏಳು ವರ್ಷಕ್ಕೊಮ್ಮೆ ಇಂಥ ತಪಾಸಣೆ ಕಡ್ಡಾಯವಾಗಿದ್ದು, ಪ್ರತಿ ಗೋಡೆಯ ಕನಿಷ್ಠ ಶೇ 10 ಭಾಗವನ್ನು ಹತ್ತಿರದಿಂದ ಪರೀಕ್ಷಿಸಬೇಕು. ನಮ್ಮ ದೇಶದಲ್ಲಿ ಮುಂಬೈ ಮಹಾನಗರದ ಕಾಯಿದೆ 30 ವರ್ಷ ದಾಟಿದ ಕಟ್ಟಡಗಳಿಗೆ ಸಂರಚನಾ ತಪಾಸಣೆಯನ್ನು ಕೇಳುತ್ತದೆ, ಆದರೆ ಅದರ ಗಮನ ಹೆಚ್ಚಾಗಿ ಕಂಬ, ತೊಲೆಗಳ ಮೇಲೆ. ಕಂಬ ಗಟ್ಟಿಯಿದ್ದರೂ ಸಜ್ಜಾ ಬೀಳಬಹುದು. ನಾನು ಹೇಳಿದ ಕಟ್ಟಡದಲ್ಲಿ ಆದದ್ದೇ ಅದು.

ಇವುಗಳಲ್ಲಿ ಯಾವುದನ್ನೂ ಹಾಗೆಯೇ ಎತ್ತಿ ಬಳ್ಳಾರಿಗೆ ತರುವಂತಿಲ್ಲ. ಆರು ಅಂತಸ್ತಿನ ಗೆರೆ ಎಳೆದರೆ ನಮ್ಮ ಪೇಟೆ ಬೀದಿಗಳು ಪೂರಾ ಹೊರಗುಳಿಯುತ್ತವೆ. ನನ್ನ ಅಭಿಪ್ರಾಯದಲ್ಲಿ ಇಲ್ಲಿನ ಅಳತೆ ಎತ್ತರವೊಂದೇ ಆಗಬಾರದು, ಗೋಡೆಯ ಕೆಳಗೆ ಜನ ನಿಲ್ಲುತ್ತಾರೆಯೇ ಎಂಬುದೂ ಸೇರಬೇಕು: ಸಾರ್ವಜನಿಕ ದಾರಿಗೆ ಮುಖ ಮಾಡಿದ, ಮೂರು ಅಂತಸ್ತು ಮತ್ತು ಮೇಲ್ಪಟ್ಟ, 20 ವರ್ಷ ದಾಟಿದ ಕಟ್ಟಡ ಎಂದು ಹಿಡಿಯಬಹುದು. ಖರ್ಚಿನ ಮಾತನ್ನು ಮಾಲೀಕರು ಎತ್ತುತ್ತಾರೆ, ಅದು ನ್ಯಾಯವೂ ಹೌದು. ಬಾಡಿಗೆಯಲ್ಲೇ ಬದುಕುವ ವಯಸ್ಸಾದ ಮಾಲೀಕರು ಅನೇಕರಿದ್ದಾರೆ. ಆದರೆ ಇದೇ ಮಾಲೀಕರು ಕೆಲವು ವರ್ಷಕ್ಕೊಮ್ಮೆ ಬಣ್ಣ ಹೊಡೆಸುತ್ತಾರೆ, ಆಗ ಸಾರುವೆ ಕಟ್ಟಿರುತ್ತಾರೆ ಅಥವಾ ಹಗ್ಗದ ಜೋಕಾಲಿ ಇಳಿಬಿಟ್ಟಿರುತ್ತಾರೆ. ಬಣ್ಣದ ಮೊದಲ ಕೋಟು ಬೀಳುವ ಮುನ್ನ ಅದೇ ಸಾರುವೆಯ ಮೇಲೆ ಅರ್ಹ ಎಂಜಿನಿಯರ್ ಒಬ್ಬರು ಸುತ್ತಿಗೆ ಹಿಡಿದು ಒಂದು ದಿನ ಕಳೆದರೆ ಹೆಚ್ಚಿನ ಖರ್ಚು ಸಣ್ಣದು. ಪ್ಯಾರಾಪೆಟ್ ಕೊರೆದು ಕೂರಿಸಿದ ಫ್ಲೆಕ್ಸ್ ಚೌಕಟ್ಟಿನ ಬೋಲ್ಟುಗಳು, ಏಸಿ ಪೆಟ್ಟಿಗೆಯ ಕಂಬಿಗಳು, ಬಿರುಕಿನಲ್ಲಿ ಬೇರಿಳಿಸಿದ ಅರಳಿ ಸಸಿ, ಇವೆಲ್ಲ ಅಲ್ಲಿಯೇ ಕೈಗೆ ಸಿಗುತ್ತವೆ.

ವರದಿಯೊಂದಿಗೆ ದುರಸ್ತಿಗೂ ಗಡುವು ಇರಬೇಕು. ನ್ಯೂಯಾರ್ಕಿನಲ್ಲಿ ಅಪಾಯದ ಗೋಡೆಯ ಕೆಳಗೆ ಪಾದಚಾರಿಗಳ ರಕ್ಷಣೆಗೆ ಮರದ ಮಾಡು ಕಟ್ಟಿಸುತ್ತಾರೆ. ದುರಸ್ತಿಗಿಂತ ಮಾಡು ಉಳಿಸಿಕೊಳ್ಳುವುದೇ ಅಗ್ಗವೆಂದು ಮಾಲೀಕರು ಕೈಕಟ್ಟಿ ಕುಳಿತು, ಕೆಲವು ಮಾಡುಗಳು ಹತ್ತು ವರ್ಷ ಮೀರಿ ನಿಂತದ್ದುಂಟು.

ನಾನು ಹೇಳಿದ ಕಟ್ಟಡದ ಮಾಲೀಕರು ಬಿದ್ದ ಸಜ್ಜಾಕ್ಕೆ ಗಾರೆ ಮೆತ್ತಿಸಿ, ಅದೇ ಕೆನೆ ಬಣ್ಣ ಬಳಿಸಿದ್ದಾರೆ. ಕೆಲಸದ ದಿನ ಮೇಸ್ತ್ರಿಯ ಏಣಿ ಹತ್ತಿ ನಾನು ಕೈ ನಿಲುಕಿದಷ್ಟು ತಟ್ಟಿ ನೋಡಿದೆ. ಪಕ್ಕದ ಕಿಟಕಿಯ ಸಜ್ಜಾದ ಅಂಚು ಎರಡಡಿ ಉದ್ದಕ್ಕೆ ಪೊಳ್ಳು ಸದ್ದು ಕೊಟ್ಟಿತು, ಅದನ್ನು ಕೆಡವಿಸಿದೆ. ಏಣಿಯ ಮೇಲೆ ಇನ್ನೂ ಒಂದು ಮಹಡಿ, ಅದರ ಮೇಲೆ ಪ್ಯಾರಾಪೆಟ್ ಇತ್ತು. ಇಳಿದು ಬಂದಾಗ ಬಂಡಿಯವರು ಎಣ್ಣೆ ಕಾಯಿಸಲು ಸಿದ್ಧರಾಗಿ ನಿಂತಿದ್ದರು.

"ಇಂಜಿನಿಯರ್ ಸಾರ್, ಇನ್ನ ಇಲ್ಲೇ ಹಚ್ಚಬೌದೇನ್ರಿ ಬಂಡಿ?"

"ಏಣಿ ಮುಟ್ಟಿದ ಮಟ ನೋಡೀನಿ ಅಣ್ಣಾ, ಅದರ ಮ್ಯಾಲಿಂದು ನನಗ ಗೊತ್ತಿಲ್ಲ" ಎಂದೆ. ಅವರು ಒಮ್ಮೆ ಮೇಲೆ ನೋಡಿ, ಬಂಡಿಯನ್ನು ನೆರಳಿನಿಂದ ನಾಲ್ಕಡಿ ಆಚೆಗೆ, ಬಿಸಿಲಿಗೆ ತಳ್ಳಿಕೊಂಡು ಹೋದರು.