ಮಡಿಕೇರಿ ಮಳೆ, ತಿಮ್ಮಯ್ಯನವರ ಮನೆ

ಮಡಿಕೇರಿಯಲ್ಲಿ ಬೆಳಿಗ್ಗೆಯಿಂದ ಬಿಡದೆ ಮಳೆ. ರಾಜಾಸೀಟ್‌ಗೆ ಹೋದರೆ ಬರೀ ಮಂಜು. ಸರಿ, ಸನ್ನಿಸೈಡ್ ಕಡೆ ತಿರುಗಿದೆವು. ಭಾರತೀಯ ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರು ಬಾಲ್ಯ ಕಳೆದ ಮನೆ ಇದು. ಹಿಂದೆ ಆರ್‌ಟಿಓ ಕಚೇರಿ ಇತ್ತಂತೆ, 2021ರಿಂದ ಮ್ಯೂಸಿಯಂ.

ಅಂಗಳದಲ್ಲಿ ಟ್ಯಾಂಕ್ ಒಂದು ನೆನೆಯುತ್ತಾ ನಿಂತಿದೆ. ಮಕ್ಕಳು ಕೊಡೆ ಬಿಸಾಕಿ ಅದರ ಮುಂದೆ ಸೆಲ್ಫಿ ತೆಗೆಯುತ್ತಿದ್ದರು. 1948ರ ನವೆಂಬರ್‌ನಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ತಿಮ್ಮಯ್ಯನವರು ಟ್ಯಾಂಕುಗಳನ್ನು ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಜೋಜಿಲಾ ಎಂಬ ಬೆಟ್ಟದ ಹಾದಿಗೆ ಹತ್ತಿಸಿದ್ದರು. 11,000 ಅಡಿಗೂ ಮೇಲೆ, ಆ ಚಳಿಯಲ್ಲಿ! ಇಲ್ಲಿ ನಾವು ಒದ್ದೆ ಸಾಕ್ಸ್‌ಗೇ ಗೊಣಗುತ್ತಿದ್ದೆವು.

ಆದರೆ ನನಗೆ ಜಾಸ್ತಿ ಹಿಡಿಸಿದ್ದು ಯುದ್ಧದ ಕಥೆ ಅಲ್ಲ. ಕೊರಿಯಾ ಯುದ್ಧ ನಿಂತ ಮೇಲೆ, ಊರಿಗೆ ವಾಪಸ್ ಹೋಗಲು ಒಪ್ಪದ ಸೆರೆಯಾಳುಗಳನ್ನು ನೋಡಿಕೊಂಡ ಆಯೋಗಕ್ಕೆ ಇವರೇ ಅಧ್ಯಕ್ಷರು. ಆಮೇಲೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ನಡೆಸುತ್ತಿದ್ದಾಗಲೇ, 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿಯನ್ನೂ ತಂದಿತು. ಹೊಡೆದಾಡಲು ಕಲಿತವರೇ ಜಗಳ ಬಿಡಿಸಲೂ ಹೋಗಿದ್ದು ವಿಚಿತ್ರ ಅಲ್ವಾ?

ಬಿಸಿಲಿದ್ದಿದ್ದರೆ ಸುಮ್ನೆ ಅಬ್ಬಿ ಫಾಲ್ಸ್ ನೋಡಿಕೊಂಡು ವಾಪಸ್ ಹೋಗಿರುತ್ತಿದ್ದೆವು.