ಸೂಜಿ ಹಾಕಿದ್ದು ಯಾರು?

“ಅವರು ಸೂಜಿ ಹಾಕುವವರಲ್ಲ ಸರ್.”

ಸೋಮವಾರ ಸಾಗರದ ಒಂದು ಸಣ್ಣ ಗ್ಯಾರೇಜಿನಲ್ಲಿ ಕೇಳಿದ ಮಾತು. ಇವತ್ತು ಗುರುವಾರ. ಊರಿನಿಂದ ಬೆಂಗಳೂರಿಗೆ ಬಂದು ಎರಡು ದಿನವಾಯಿತು, ಮಾತು ಮಾತ್ರ ತಲೆಯಿಂದ ಇಳಿದಿಲ್ಲ. ಅದರಲ್ಲೂ ಕೊನೆಯಲ್ಲಿನ ಆ ‘ಸರ್’. ಅದಕ್ಕೆ ಒಂದು ನಿಮಿಷ ಮೊದಲಿನವರೆಗೂ ಆತ ನನ್ನನ್ನು ‘ಅಣ್ಣ’ ಎನ್ನುತ್ತಿದ್ದ.

ಗಾಡಿ ಅಪ್ಪನದು, ಹಳೆಯ ಹೀರೋ ಹೋಂಡಾ. ‘ತುಂಬಿಸಿ, ಮುಚ್ಚಿ, ಮರೆತುಬಿಡಿ’ ಎಂದು ಜಾಹೀರಾತು ಬರುತ್ತಿದ್ದ ಗಾಡಿ. ನಾವು ಚಾಚೂ ತಪ್ಪದೆ ಹಾಗೆಯೇ ಮಾಡಿದೆವು. ಅಪ್ಪ ಹೋದ ಮೇಲೆ ಪಕ್ಕದ ಮನೆಯ ಹುಡುಗ ಡೇರಿಗೆ ಹಾಲು ಒಯ್ಯಲು ಬಳಸುತ್ತಿದ್ದ, ಅವನೂ ಹೊಸ ಸ್ಕೂಟರ್ ಕೊಂಡ. ಮಳೆಗಾಲ ಪೂರ್ತಿ ಗಾಡಿ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ನಿಂತಿತ್ತು. “ಎಷ್ಟು ಒದ್ದರೂ ಶುರುವಾಗುವುದಿಲ್ಲವಂತೆ ತಮ್ಮಾ, ಗುಜರಿಗೆ ಕೊಡಲಾ?” ಎಂದು ಅಮ್ಮ ಫೋನ್ ಮಾಡಿದಳು. ಆ ‘ಗುಜರಿ’ ಎಂಬ ಮಾತಿಗೆ ನನಗೆ ರೋಷ ಬಂತು. ವರ್ಷಕ್ಕೆ ಎರಡು ಸಲ ಊರಿಗೆ ಹೋಗುವವರಿಗೆ ಇಂಥ ರೋಷ ಬೇಗ ಬರುತ್ತದೆ.

ಒಂದು ವಾರ ರಾತ್ರಿ ಕುಳಿತು, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿನ ವಿದ್ಯೆಯನ್ನೆಲ್ಲ ಓದಿಕೊಂಡೆ. ಮುಖ್ಯ ವಿಷಯ ಈಗಿನ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20, ಅಂದರೆ ನೂರರಲ್ಲಿ ಇಪ್ಪತ್ತು ಪಾಲು ಎಥೆನಾಲ್. ಎಥೆನಾಲ್ ನೀರು ಹೀರುತ್ತದೆ. ಮಲೆನಾಡಿನ ಆಷಾಢದಲ್ಲಿ ಭರಣಿಯಲ್ಲಿನ ಉಪ್ಪೇ ನೀರಾಗುವಾಗ ಈ ಪೆಟ್ರೋಲ್ ಸುಮ್ಮನಿರುತ್ತದೆಯೇ? ಇನ್ನೊಂದು, ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ 9 ಸಾಕು. ಹಳೆಯ ಕಾರ್ಬೊರೇಟರಿಗೆ ಇದು ತಿಳಿಯದು, ಅದು ಮೊದಲಿನಷ್ಟೇ ಇಂಧನ ಬಿಡುತ್ತದೆ, ಮಿಶ್ರಣದಲ್ಲಿ ಗಾಳಿ ಹೆಚ್ಚಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಹಾಗಾದರೆ ಜೆಟ್, ಅಂದರೆ ಪೆಟ್ರೋಲ್ ಹರಿಯುವ ತೂತಿರುವ ಹಿತ್ತಾಳೆಯ ತುಂಡು, ದೊಡ್ಡದು ಹಾಕಬೇಕು. ಈ ತರ್ಕ ನನಗೆ ಎಷ್ಟು ಹಿಡಿಸಿತೆಂದರೆ, ಶುಕ್ರವಾರ ಕಚೇರಿ ಬೇಗ ಬಿಟ್ಟು ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗಿ 80ರ ಮೇನ್ ಜೆಟ್ ತಂದೆ. ಗಾಡಿಯಲ್ಲಿದ್ದದ್ದು 75. ಅಂಗಡಿಯವನು “ಯಾಕೆ?” ಎಂದು ಕೇಳಲಿ ಎಂದು ಕಾದೆ, ವಿವರಿಸುವ ಆಸೆ ಇತ್ತು. ಆತ ಚೀಟಿಯ ಮೇಲೆ ಬೆಲೆ ಬರೆದು ಮುಂದಿನ ಗಿರಾಕಿಯ ಕಡೆ ತಿರುಗಿದ.

ಭಾನುವಾರ ಅಂಗಳದಲ್ಲಿ ಗೋಣಿಚೀಲ ಹಾಸಿ ಕುಳಿತೆ. ಕಾರ್ಬೊರೇಟರ್ ಬಿಚ್ಚಿ ತೆಗೆಯುವುದು ಹೇಳುವಷ್ಟು ಕಷ್ಟವೇನಲ್ಲ. ಕೆಳಗಿನ ಬಟ್ಟಲು ತೆಗೆದಾಗ ಬಂದ ವಾಸನೆ ಪೆಟ್ರೋಲಿನದಲ್ಲ, ಹಳೆಯ ವಾರ್ನಿಷಿನದು. ತಳದಲ್ಲಿ ಜೋನಿಬೆಲ್ಲದ ಬಣ್ಣದ ಅಂಟು, ಅಂಚಿನಲ್ಲಿ ಹಸಿರು ಬಿಳಿ ಕಿಲುಬು. ಅಮ್ಮ ತೀರಾ ಹಳೆಯ ಪಾತ್ರೆಯೊಂದನ್ನು ಕೊಟ್ಟು “ಇದನ್ನು ಮತ್ತೆ ಒಳಗೆ ತರಬೇಡ” ಎಂದಳು. ಹಲ್ಲುಜ್ಜುವ ಹಳೆಯ ಬ್ರಷ್, ಸ್ಪ್ರೇ, ಸೈಕಲ್ ಪಂಪು ಹಿಡಿದು ಎರಡು ಗಂಟೆ ಉಜ್ಜಿದೆ. ರಬ್ಬರಿನ ಭಾಗಗಳಿಗೆ ಸ್ಪ್ರೇ ತಾಗಿದರೆ ಉಬ್ಬುತ್ತವೆ ಎಂದು ಓದಿದ್ದೆ, ಅವನ್ನು ಬೇರೆ ಇಟ್ಟೆ. ಇಲ್ಲಿಯವರೆಗೆ ನನ್ನ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ.

ಸಿಕ್ಕಿಬಿದ್ದದ್ದು ಸ್ಲೋ ಜೆಟ್ಟಿನಲ್ಲಿ. ಗಾಡಿ ನಿಂತಲ್ಲೇ ಗುನುಗುವುದಕ್ಕೆ ಪೆಟ್ರೋಲ್ ಕೊಡುವ ಜೆಟ್ ಅದು, ಮೂಗುಬೊಟ್ಟಿನ ತಿರುಪಿನಷ್ಟು ಗಾತ್ರದ ಹಿತ್ತಾಳೆ. ಮೇಲೆ 38 ಎಂದಿತ್ತು, ಹೆಚ್ಚು ಕಡಿಮೆ 0.38 ಮಿಲಿಮೀಟರಿನ ತೂತು. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣಲಿಲ್ಲ. ಊದಿದೆ, ಬಾಯಿಗೆ ಪೆಟ್ರೋಲ್ ಬಂತು. ನೆನೆಸಿಟ್ಟೆ, ಬಿಡಲಿಲ್ಲ. ರಾತ್ರಿಯಿಡೀ ನೆನೆಸಬೇಕಿತ್ತು, ಅದೂ ಗೊತ್ತಿತ್ತು. ಸೋಮವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಆಗಿತ್ತು. ಒಳಗೆ ಹೋಗಿ ಅಮ್ಮನ ಬಿಸ್ಕತ್ತಿನ ಡಬ್ಬಿಯಿಂದ ಹೊಲಿಗೆಯ ಸೂಜಿ ತಂದೆ. ಮೊನೆ ಸ್ವಲ್ಪ ಒಳಹೋಗಿ ಕಚ್ಚಿಕೊಂಡಿತು. ಒತ್ತಿ ತಿರುಗಿಸಿದೆ. ‘ಕಿರ್’ ಎಂದಿತು. ಆಮೇಲೆ ನೋಡಿದರೆ ದುಂಡಗಿನ ಬೆಳಕು. ಸೂಜಿಯನ್ನು ಒರೆಸಿ ಡಬ್ಬಿಗೆ ಹಾಕಿಟ್ಟೆ.

ಗಾಡಿ ನಾಲ್ಕನೇ ಒದೆತಕ್ಕೆ ಶುರುವಾಯಿತು. ಅಮ್ಮ ಹೊರಗೆ ಬಂದು ನಿಂತು ನೋಡಿದಳು. ಆ ಒಂದು ಕ್ಷಣ ನನ್ನದು, ಅದನ್ನು ಈಗಲೂ ಯಾರಿಗೂ ಬಿಟ್ಟುಕೊಡುವುದಿಲ್ಲ. ಹತ್ತು ನಿಮಿಷದಲ್ಲಿ ಅಂಗಳ ತುಂಬ ಹೊಗೆ. ಕಾರ್ಬೊರೇಟರಿನ ತಿರುಪನ್ನು ಯಾವ ಕಡೆ ತಿರುಗಿಸಿದರೂ ಎಂಜಿನ್ ಒಂದೇ ಸಮನೆ ಗುನುಗಲೊಲ್ಲದು. ಏರಿನಲ್ಲಿ ಕಫ ಕಟ್ಟಿದವರ ಹಾಗೆ ಗೊರಗುಟ್ಟಿತು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕಾಡಿಗೆ. ಲೆಕ್ಕ ಹಾಕಿ ನೋಡಿದ್ದು ಆಮೇಲೆ: 0.38ರ ತೂತು ತೆಳು ಕೂದಲಿನಷ್ಟು, ಅಂದರೆ 0.05 ಮಿಲಿಮೀಟರ್ ಅಗಲವಾದರೂ ಪೆಟ್ರೋಲ್ ಹರಿಯುವ ಜಾಗ ಮೊದಲಿಗಿಂತ ಕಾಲು ಭಾಗಕ್ಕೂ ಮೀರಿ ಹಿಗ್ಗುತ್ತದೆ.

ಸೋಮವಾರ ಹೇಗೋ ಸಾಗರ ಮುಟ್ಟಿಸಿದೆ. ಅಪ್ಪ ತೋರಿಸುತ್ತಿದ್ದ ಹಳೆಯ ಮೇಸ್ತ್ರಿಯ ಅಂಗಡಿ ಮುಚ್ಚಿ ವರ್ಷಗಳಾದವು, ಕಣ್ಣು ಮಂಜಾಗಿ ಅವರು ಮನೆಯಲ್ಲೇ ಇದ್ದಾರೆ. ಅದೇ ಸಾಲಿನಲ್ಲಿ ಈತನ ಗ್ಯಾರೇಜು. ನಲವತ್ತರ ಆಸುಪಾಸು, ಮಾತು ಕಡಿಮೆ. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಿಎಸ್6 ಬಂದ ಮೇಲೆ ಹೆಚ್ಚಿನ ಹೊಸ ಗಾಡಿಗಳಲ್ಲಿ ಕಾರ್ಬೊರೇಟರೇ ಇಲ್ಲವಾದ್ದರಿಂದ ಅಲ್ಲಿನ ಹುಡುಗರಿಗೆ ನನ್ನ ಗಾಡಿ ಅಜ್ಜನ ಪೀಕದಾನಿಯಂತೆ ಕಂಡಿರಬೇಕು. ಆತ ತಾನೇ ಬಿಚ್ಚಿದ. ಸ್ಲೋ ಜೆಟ್ ತೆಗೆದು ಅಂಗಿಯ ತುದಿಗೆ ಒರೆಸಿ, ಎರಡು ಬೆರಳಿನ ನಡುವೆ ಹಿಡಿದು, ಒಂದು ಕಣ್ಣು ಮುಚ್ಚಿ ಆಕಾಶಕ್ಕೆ ಎತ್ತಿದ. ಅಷ್ಟು ಸಣ್ಣ ವಸ್ತುವನ್ನು ಅಷ್ಟು ಹೊತ್ತು ನೋಡಬಹುದೆಂದು ನನಗೆ ಗೊತ್ತಿರಲಿಲ್ಲ.

“ಇದಕ್ಕೆ ಸೂಜಿ ಹಾಕಿದ್ದು ಯಾರಣ್ಣ?”

“ಯಾರೋ ಏನೋ. ಅಪ್ಪ ಇದ್ದಾಗ ಆ ಹಳೆಯ ಮೇಸ್ತ್ರಿಯ ಹತ್ತಿರ ಬಿಡುತ್ತಿದ್ದರು. ಅಲ್ಲಿಯೇ ಆಗಿರಬೇಕು.”

ಎಷ್ಟು ಸಲೀಸಾಗಿ ಬಂತು! ಯೋಚಿಸಿ ಹೇಳಿದ್ದಲ್ಲ, ನಾಲಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಆತ ದನಿ ಏರಿಸಲಿಲ್ಲ. ಜೆಟ್ ಇಳಿಸಿ, ನನ್ನ ಮುಖ ನೋಡದೆ ಹೇಳಿದ: “ಅವರು ಸೂಜಿ ಹಾಕುವವರಲ್ಲ ಸರ್.”

ಮುಂದಿನದು ಬರೀ ಕೆಲಸ. ತಗಡಿನ ಡಬ್ಬಿಯಿಂದ ಬೇರೆ ಸ್ಲೋ ಜೆಟ್ ತೆಗೆದ. ಹಳೆಯ ವೈರಿನಿಂದ ತಾಮ್ರದ ಒಂದು ಎಳೆ ಕಿತ್ತು ಉಳಿದ ತೂತುಗಳಲ್ಲಿ ಆಡಿಸಿದ. ತಾಮ್ರ ಮೆದು, ಹಿತ್ತಾಳೆಯನ್ನು ಗೀರುವುದಿಲ್ಲ. ನನ್ನ 80ರ ಜೆಟ್ ನೋಡಿ “ಇದು ಯಾಕೆ ಸರ್?” ಎಂದ. ಎಥೆನಾಲಿನ ಪುರಾಣ ಹೇಳಿದೆ. ಪೂರ್ತಿ ಕೇಳಿದ. “ಮಿಶ್ರಣ ಸ್ವಲ್ಪ ಒಣಗುವುದು ನಿಜ, ಇಷ್ಟು ದೊಡ್ಡದು ಬೇಡ” ಎಂದು 78 ಹಾಕಿದ. ಏರಿನಲ್ಲಿ ಪೂರ್ತಿ ಎಕ್ಸಿಲರೇಟರ್ ಕೊಟ್ಟು ಓಡಿಸಿ, ಅಲ್ಲೇ ಎಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ತೋರಿಸಿದ. ಹಾಲು ಕಡಿಮೆ ಬಿದ್ದ ಕಾಫಿಯ ಬಣ್ಣ, ಮಿಶ್ರಣ ಸರಿಯಾಗಿದೆ ಎಂಬುದರ ಗುರುತು. ಇನ್ನೂರು ರೂಪಾಯಿ ತೆಗೆದುಕೊಂಡು, ಕೆಟ್ಟ ಜೆಟ್ಟನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟ. ಆತ ಒಂಬತ್ತು ವರ್ಷ ಆ ಹಳೆಯ ಮೇಸ್ತ್ರಿಯ ಕೈಕೆಳಗೆ ದುಡಿದವನೆಂದು ಹೊರಡುವಾಗ ಹುಡುಗನೊಬ್ಬ ಹೇಳಿದ.

ಆ ಜೆಟ್ ಈಗ ನನ್ನ ಮೇಜಿನ ಮೇಲಿದೆ. ಮೊಬೈಲಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ. ಇಪ್ಪತ್ತು ವರ್ಷದ ಹಿತ್ತಾಳೆ ಕಂದಾಗಿದೆ, ತೂತಿನ ಬಾಯಲ್ಲಿನ ಗೀರು ಮಾತ್ರ ಹೊಸ ಬಂಗಾರದಂತೆ ಹೊಳೆಯುತ್ತಿದೆ. ನಿನ್ನೆ ಮೊನ್ನೆಯ ಗೀರೆಂದು ಮಗುವೂ ಹೇಳಬಹುದು. ಅಂದರೆ ಪ್ರಶ್ನೆ ಕೇಳುವ ಮೊದಲೇ ಆತನಿಗೆ ಉತ್ತರ ಗೊತ್ತಿತ್ತು.

ನಾಲಗೆಗೆ ಈ ಅಭ್ಯಾಸ ಎಲ್ಲಿಂದ ಬಂತೆಂದು ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಕಚೇರಿಯಲ್ಲಿ ಸಾಫ್ಟ್‌ವೇರ್ ಕೆಟ್ಟರೆ ಮೊದಲು ಬರುವ ಹೆಸರು ಕೆಲಸ ಬಿಟ್ಟು ಹೋದವನದು. ಅವನು ಹೋಗಿ ಎರಡು ವರ್ಷವಾದರೂ ಹೊಸ ತಪ್ಪುಗಳನ್ನು ಮಾಡುತ್ತಲೇ ಇದ್ದಾನೆ. ಮನೆಯಲ್ಲಿ ಆ ಜಾಗ ಅಪ್ಪನಿಗೆ. ತೋಟದ ಬಸಿಗಾಲುವೆ ಸರಿಯಿಲ್ಲದೆ ಕೆಳಗಿನ ಸಾಲಿನ ಅಡಿಕೆ ಮರಗಳು ಕೊಳೆತಾಗ, “ಅಪ್ಪ ಯಾರ ಮಾತೂ ಕೇಳುತ್ತಿರಲಿಲ್ಲ” ಎಂದು ತಂಗಿಯ ಮುಂದೆ ಹೇಳಿದವನು ನಾನು. ಕಾಲುವೆಯನ್ನು ಆ ಕಡೆಗೆ ತಿರುಗಿಸಲೇ ಎಂದು ಅಪ್ಪ ಫೋನ್ ಮಾಡಿ ಕೇಳಿದ್ದರು. ಮೀಟಿಂಗಿನ ನಡುವೆ ಇದ್ದೆ. ಕೇಳಿಸಿಕೊಳ್ಳದೆಯೇ ‘ಹೂಂ’ ಎಂದಿದ್ದೆ.

ನಿನ್ನೆ ರಾತ್ರಿ ಅಮ್ಮ ಫೋನ್ ಮಾಡಿದ್ದಳು. ಗಾಡಿ ಚೆನ್ನಾಗಿ ಓಡುತ್ತಿದೆಯಂತೆ, ಹುಡುಗ ಎರಡು ಸಲ ಪೇಟೆಗೆ ಹೋಗಿ ಬಂದನಂತೆ. “ಮಗನೇ ರಿಪೇರಿ ಮಾಡಿದ್ದು ಎಂದು ಎಲ್ಲರಿಗೂ ಹೇಳಿದೆ” ಎಂದಳು. ಆಮೇಲೆ ಬೇರೆ ಏನೋ ನೆನಪಾಯಿತು.

“ಡಬ್ಬಿಯಲ್ಲಿದ್ದ ಒಳ್ಳೆಯ ಸೂಜಿಯ ಮೊನೆ ಬಗ್ಗಿಸಿಟ್ಟಿದ್ದಾರೆ ನೋಡು ತಮ್ಮಾ. ಹೋದ ತಿಂಗಳು ಆಚೆ ಮನೆಯ ಹುಡುಗಿ ಒಯ್ದಿದ್ದಳು. ಅವಳದೇ ಕೆಲಸ ಇರಬೇಕು, ಅಲ್ಲವಾ?”

‘ಹೂಂ’ ಎಂದೆ.