ಪ್ಲೇಟ್ 11: ಸಿಟ್ರೇಟ್ ಹಾಕಿದ ಟೋಪಿ

ಒಂಬತ್ತು ದಿನ ನೆಲದ ಮೇಲೆ ಕಾಲಿರಲಿಲ್ಲ. ಪ್ರೋಟೀನನ್ನು ಹರಳುಗಟ್ಟಿಸಲು ಪ್ಲೇಟಿನಲ್ಲಿ ದ್ರಾವಣದ ಹನಿ ಇಡುವುದು ನನ್ನ ಕೆಲಸ; ಪಿಷ್ಟ ಒಡೆಯುವ ಕಿಣ್ವ ಆಲ್ಫಾ-ಅಮೈಲೇಸ್ ಇಟ್ಟ ಆರು ಹನಿಗಳಲ್ಲಿ ಹರಳು! ಚೂಪು ಅಂಚು, ಗಾಜಿನಂಥ ಮೈ. ಫೋಟೊ ತೆಗೆದದ್ದೇ ತೆಗೆದದ್ದು. ಹತ್ತನೆಯ ದಿನ ಅನುಮಾನ ಬಂದು ಸೂಜಿಯಿಂದ ಒತ್ತಿದೆ. ಪ್ರೋಟೀನ್ ಹರಳಿನಲ್ಲಿ ಸುಮಾರು ಅರ್ಧ ಭಾಗ ನೀರೇ, ಮೆತ್ತಗೆ ಪುಡಿಯಾಗಬೇಕಿತ್ತು. ಇದು ಸೂಜಿಯಡಿಯಿಂದ ಜಾರಿತು, ಮತ್ತೆ ಒತ್ತಿದರೆ ‘ಟಿಕ್’ ಎಂದು ಸೀಳಿತು. ಪ್ರೋಟೀನ್ ಹರಳು ಹೀರಿಕೊಳ್ಳುವ ಬಣ್ಣ ಮೆಥಿಲೀನ್ ಬ್ಲೂ ಬಿಟ್ಟೆ, ಒಂದು ಚೂರೂ ನೀಲಿ ಹೀರಲಿಲ್ಲ. ಪ್ರೋಟೀನಲ್ಲ, ಬರೀ ಉಪ್ಪು!

ತಪ್ಪು ನನ್ನದೇ. ಅಮೈಲೇಸ್‌ಗೆ ಕ್ಯಾಲ್ಸಿಯಂ ಬೇಕೆಂದು ಧಾರಾಳವಾಗಿ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ, ಪಿಎಚ್ 5.0ರಲ್ಲಿ ಅಲುಗದಂತೆ ನಿಲ್ಲಿಸಲು ಸಿಟ್ರೇಟ್ ಬಫರ್ ಹಿಡಿದಿದ್ದೆ. ಅದರ ಪಿಕೆಎ (ಯಾವ ಪಿಎಚ್‌ನ ಆಸುಪಾಸಿನಲ್ಲಿ ಬಫರ್ ಚೆನ್ನಾಗಿ ಕೆಲಸ ಮಾಡುತ್ತದೋ ಅದು) 3.1, 4.8, 6.4: ಆಮ್ಲೀಯ ಪಿಎಚ್‌ಗಳಲ್ಲಿ ಇಷ್ಟು ದೂರ ಒಂದೇ ಬಫರ್ ಸಾಕಾಗುವುದಾದರೆ ಬೇರೆಯದೇಕೆ ಎಂಬ ಸೋಮಾರಿತನ. ಆದರೆ ಆ ಮೂರು ಪಿಕೆಎಗಳ ಹಿಂದಿರುವ ಕಾರ್ಬಾಕ್ಸಿಲ್ ಎಂಬ ಆಮ್ಲ ಗುಂಪುಗಳೇ ಕ್ಯಾಲ್ಸಿಯಂ ಕಂಡರೆ ಬಿಡುವುದಿಲ್ಲ. ಪ್ರೋಟೀನ್‌ಗೆಂದು ಬಡಿಸಿದ್ದನ್ನು ಸಿಟ್ರೇಟ್ ಕಬಳಿಸಿ, ಕ್ಯಾಲ್ಸಿಯಂ ಸಿಟ್ರೇಟ್ ಆಗಿ ಹರಳುಗಟ್ಟಿತು. ಪ್ರೋಟೀನ್ ಇಲ್ಲದ ಹನಿಯೊಂದನ್ನು ಪಕ್ಕದಲ್ಲಿ ಇಟ್ಟಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಈಗ ಇಟ್ಟು ನೋಡಿದೆ: ಅದೇ ಸುಂದರಾಂಗ.

ಫಾಸ್ಫೇಟ್ ಕಡೆ ತಿರುಗಲೂ ಇಲ್ಲ. ಪಿಕೆಎ 2.1 ಮತ್ತು 7.2, ಐದರ ಹತ್ತಿರ ಅದು ಹೆಸರಿಗಷ್ಟೇ ಬಫರ್, ಜೊತೆಗೆ ಅದಕ್ಕೂ ಕ್ಯಾಲ್ಸಿಯಂ ಮೇಲೆ ಕಣ್ಣು. ಉಳಿದದ್ದು ಅಸಿಟೇಟ್. ಪಿಕೆಎ 4.76, ಕ್ಯಾಲ್ಸಿಯಂ ಅಸಿಟೇಟ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ.

ಇಷ್ಟಾದ ಮೇಲೆ ಪೂರೈಕೆದಾರರ ಸರದಿ. ಕೇಳಿದ್ದು ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್ (ಮೂರು ನೀರಿನ ಅಣು ಸೇರಿದ್ದು), ಬಂದದ್ದು ನೀರಿಲ್ಲದ ನಿರ್ಜಲ ರೂಪ. ಬಾಟಲಿಯ ಬಣ್ಣ, ಮುಚ್ಚಳ ಎಲ್ಲ ಅದೇ. ಲೇಬಲ್ಲಿನ ಮೂಲೆಯಲ್ಲಿ ಇರುವೆಯಷ್ಟು ಅಕ್ಷರ. ಅಣುತೂಕ 136.08ರ ಲೆಕ್ಕದಲ್ಲಿ 82.03ರ ಪುಡಿ ತೂಗಿದರೆ ಅಸಿಟೇಟ್ 1.66 ಪಟ್ಟು. ಕೋಷ್ಟಕ ನಂಬಿ ಆಮ್ಲ ಬೆರೆಸಿದವನಿಗೆ 5.0ರ ಬದಲು ಪಿಎಚ್ 5.2! ಮೀಟರನ್ನೇ ಬೈದು ಎರಡು ಸಲ ಕ್ಯಾಲಿಬ್ರೇಟ್ ಮಾಡಿದೆ, ಪಾಪ.

ಸರಿಯಾದ ಬಫರ್‌ನಲ್ಲಿ ನಿನ್ನೆ ಮೂರನೇ ಹನಿಯ ಅಂಚಿಗೆ ಕೂದಲೆಳೆಯಂಥ ಸೂಜಿಗಳ ಕುಚ್ಚು ಕಂಡಿತು. ನೋಡಲು ಚೆಂದವೇನಲ್ಲ. ಒಂದೆಳೆಯನ್ನು ಮುಟ್ಟಿದೆ, ಮೆತ್ತಗೆ ಉದುರಿತು. ಬಣ್ಣ ಬಿಟ್ಟರೆ ಕಡುನೀಲಿ. ಇನ್ನು ಪಿಎಚ್ 4.6ರಿಂದ 5.4ರವರೆಗೆ 0.2ರ ಹೆಜ್ಜೆಯಲ್ಲಿ ಹನಿ ಇಟ್ಟು, ಈ ಕುಚ್ಚನ್ನು ಬಿಡಿ ಹರಳಾಗಿಸಬೇಕು. ಉಳಿದ ಅಸಿಟೇಟ್ ಇನ್ನೊಂದು ಪ್ರೋಟೀನ್ ಲೈಸೋಜೈಮ್‌ಗೆ: ಅಡುಗೆ ಉಪ್ಪಿನ ಬದಲು ಸೋಡಿಯಂ ನೈಟ್ರೇಟ್ ಹಾಕಿದರೆ ಮಾಮೂಲಿ ಟೆಟ್ರಾಗೋನಲ್ ಬಿಟ್ಟು ಮಾನೋಕ್ಲಿನಿಕ್ ಎಂಬ ಬೇರೆ ಜೋಡಣೆಯ ಹರಳು ಬರುತ್ತದಂತೆ. ಪ್ಲೇಟ್ ತೊಳೆದಿಟ್ಟಿದ್ದೇನೆ. ಈ ಸಲ ಮೊದಲನೆಯ ಹನಿ ಪ್ರೋಟೀನ್ ಇಲ್ಲದ್ದು.